ನಾಯಿಗೆ ಮಾತ್ರೆ ಹಾಕಿದರೂ ಜಂತುಹುಳ ಮತ್ತೆ ಬರುತ್ತಿದೆಯೇ? ಈ ಕ್ರಮದಲ್ಲಿ ಮಾಡಿ ನೋಡಿ

"ಹೋದ ತಿಂಗಳು ತಾನೇ ಹುಳದ ಮಾತ್ರೆ ಹಾಕಿದ್ದೆ, ಮತ್ತೆ ಕಕ್ಕದಲ್ಲಿ ಹುಳ ಕಾಣ್ತಾ ಇದೆ. ಮಾತ್ರೆ ಡೂಪ್ಲಿಕೇಟ್ ಇರಬೇಕು ಅಲ್ವಾ?"

ಮೈಸೂರು, ಮಂಡ್ಯ ಕಡೆ ನಾಯಿ ಸಾಕಿದವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಮಾತ್ರೆಯ ತಪ್ಪು ಇರುವುದು ಅಪರೂಪ. ತೂಕ ನೋಡದೆ ಒಂದು ಮಾತ್ರೆ ಹಾಕಿರುತ್ತಾರೆ. ಎರಡನೇ ಡೋಸ್ ಮರೆತಿರುತ್ತಾರೆ. ಚಿಗಟಕ್ಕೆ ಏನೂ ಮಾಡಿರುವುದಿಲ್ಲ. ಹುಳ ತೆಗೆಯುವುದು ಒಂದು ದಿನದ ಕೆಲಸವಲ್ಲ, ಕಡಿಮೆ ಅಂದರೂ ಮೂರು ವಾರ ಬೇಕು.

ನಾನು ಪಶುವೈದ್ಯನಲ್ಲ, ನಾಯಿ ಸಾಕುವವನು. ಕೆಳಗೆ ಹೇಳಿರುವ ತಪ್ಪುಗಳಲ್ಲಿ ಅರ್ಧ ನಾನೇ ಮಾಡಿದ್ದು. ಔಷಧಿ ಯಾವುದು, ಎಷ್ಟು ಅನ್ನುವ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಮೊದಲೇ ನೋಡಿ: ಈ ಲಕ್ಷಣ ಇದ್ದರೆ ಮನೆಯಲ್ಲಿ ಏನೂ ಮಾಡಬೇಡಿ

ನಾಯಿಯ ಮೇಲ್ದುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಎಂದರ್ಥ. ಕೊಕ್ಕೆಹುಳ ರಕ್ತ ಕುಡಿದಿರಬಹುದು, ಇಲ್ಲವೇ ಉಣ್ಣೆಹುಳ ಕಚ್ಚಿ ಬರುವ ಜ್ವರ ಇರಬಹುದು. ಯಾವುದೇ ಆದರೂ ಅದೇ ದಿನ ಆಸ್ಪತ್ರೆಗೆ ಹೊರಡಿ.

ಮರಿಗೆ ವಾಂತಿ, ರಕ್ತಭೇದಿ, ಕೆಟ್ಟ ನಾತ, ಮಂಕು ಎಲ್ಲ ಒಟ್ಟಿಗೆ ಬಂದರೆ ಮೊದಲು ಅನುಮಾನಿಸಬೇಕಾದ್ದು ಪಾರ್ವೋ ಎಂಬ ವೈರಸ್ ರೋಗ. ಮನೆಯಲ್ಲೇ ಹುಳದ ಔಷಧಿ ಹಾಕಿ "ನಾಳೆ ನೋಡೋಣ" ಎಂದು ಕಾದು ಮರಿ ಕಳೆದುಕೊಂಡವರನ್ನು ನೋಡಿದ್ದೇನೆ. ಹೊಟ್ಟೆ ತಮಟೆಯ ಹಾಗೆ ಬಿಗಿದು ಮರಿ ವಾಂತಿ ಮಾಡುತ್ತಿದ್ದರೂ ಅಷ್ಟೇ. ಹುಳಗಳು ಗಂಟುಕಟ್ಟಿ ಕರುಳನ್ನೇ ಮುಚ್ಚಿರಬಹುದು.

ಬೇಕಾಗುವ ಸಾಮಾನು

ದೊಡ್ಡ ಪಟ್ಟಿ ಏನಿಲ್ಲ. ತೂಕದ ಯಂತ್ರ, ಮುಚ್ಚಳ ಇರುವ ಚಿಕ್ಕ ಡಬ್ಬಿ (ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಮೂತ್ರ ಪರೀಕ್ಷೆಯ ಡಬ್ಬಿ ಸಾಕು), ಸೂಜಿ ಇಲ್ಲದ ಸಿರಿಂಜ್, ಕೈಗವಸು, ಮಲ ಎತ್ತಲು ಒಂದು ಹಳೆಯ ಕರಣೆ, ಮತ್ತೆ ಗೋಡೆಯ ಕ್ಯಾಲೆಂಡರ್. ಕೊನೆಯದು ತಮಾಷೆಗೆ ಹೇಳಿದ್ದಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆದಿಡಿ.

ಹಂತ 1: ಯಾವ ಹುಳ ಎಂದು ಅಂದಾಜು ಮಾಡಿ

ಸೇವಿಗೆಯ ಹಾಗೆ ಉದ್ದ, ಬೆಳ್ಳಗೆ, ಸುರುಳಿ ಸುತ್ತಿಕೊಂಡಿದ್ದರೆ ದುಂಡುಹುಳ. ಮರಿಗಳಲ್ಲಿ ಇದೇ ಜಾಸ್ತಿ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ಬಂದುಬಿಡುತ್ತದೆ. "ನಮ್ಮ ಮರಿ ಹೊರಗಡೆ ಕಾಲೇ ಇಟ್ಟಿಲ್ಲ" ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಅಕ್ಕಿಕಾಳಿನಂಥ ಚೂರು ಮಲದ ಮೇಲೆ, ಬಾಲದ ಕೆಳಗೆ, ಮಲಗಿದ ಬಟ್ಟೆಯ ಮೇಲೆ ಕಂಡರೆ ಲಾಡಿಹುಳದ ತುಂಡು. ಹಸಿಯಾಗಿದ್ದಾಗ ಮೆಲ್ಲಗೆ ಹೊರಳುತ್ತದೆ, ಒಣಗಿದರೆ ಎಳ್ಳಿನ ಹಾಗೆ ಕಾಣುತ್ತದೆ.

ಕೊಕ್ಕೆಹುಳ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಮಲ ಟಾರಿನಂತೆ ಕಪ್ಪಗೆ ಇರುವುದು, ನಾಯಿ ಸೊರಗುವುದು, ಒಸಡು ಬಿಳಿಚುವುದು ಇದರ ಗುರುತು. ಬಿಟ್ಟು ಬಿಟ್ಟು ಬರುವ ಭೇದಿ, ಅದರಲ್ಲಿ ಲೋಳೆ, ಕೊನೆಗೆ ಒಂದೆರಡು ಹನಿ ಕೆಂಪು ರಕ್ತ ಇದ್ದರೆ ಚಾಟಿಹುಳ ಇರಬಹುದು. ಇವಲ್ಲದೆ ಗಿಯಾರ್ಡಿಯಾ, ಕಾಕ್ಸಿಡಿಯಾ ಎಂಬ ಎರಡು ಸೂಕ್ಷ್ಮಜೀವಿಗಳಿವೆ. ಇವು ಹುಳವೇ ಅಲ್ಲ, ಬರಿಗಣ್ಣಿಗೆ ಕಾಣುವುದೂ ಇಲ್ಲ. ನಾಲೆ ನೀರು, ಗದ್ದೆ ನೀರು ಕುಡಿದ ನಾಯಿಗೆ ಜಿಡ್ಡುಜಿಡ್ಡಾದ ಭೇದಿ ವಾರಗಟ್ಟಲೆ ನಿಲ್ಲದಿದ್ದರೆ ಗಿಯಾರ್ಡಿಯಾ ನೆನಪಿರಲಿ.

ಎರಡು ತಪ್ಪು ತಿಳಿವಳಿಕೆ ಇಲ್ಲೇ ಹೇಳಿಬಿಡುತ್ತೇನೆ. ನಾಯಿ ಅಂಡನ್ನು ನೆಲಕ್ಕೆ ಉಜ್ಜಿದರೆ ಹುಳವೇ ಎಂದು ತೀರ್ಮಾನಿಸಬೇಡಿ. ಹೆಚ್ಚಿನ ಸಲ ಗುದದ ಪಕ್ಕದ ಗ್ರಂಥಿ ತುಂಬಿಕೊಂಡಿರುತ್ತದೆ. ಇನ್ನೊಂದು, ಬೆಲ್ಲ, ಸಿಹಿ ತಿಂದರೆ ಹುಳ ಆಗುತ್ತದೆ ಅನ್ನುವುದು. ಹುಳ ಬರುವುದು ಮೊಟ್ಟೆಯಿಂದ, ಮರಿಹುಳದಿಂದ. ಸಿಹಿ ಕೊಡಬಾರದು ನಿಜ, ಆದರೆ ಅದರ ಕಾರಣ ಬೇರೆ.

ಹಂತ 2: ಔಷಧಿಗೆ ಮೊದಲು ಮಲ ಪರೀಕ್ಷೆ

ಎಲ್ಲರೂ ಬಿಡುವುದು ಇದನ್ನೇ. ಒಂದೇ ಮಾತ್ರೆ ಎಲ್ಲಕ್ಕೂ ಕೆಲಸ ಮಾಡುವುದಿಲ್ಲ. ಕಾಕ್ಸಿಡಿಯಾ ಇರುವ ಮರಿಗೆ ಎಷ್ಟು ಸಲ ಹುಳದ ಸಿರಪ್ ಹಾಕಿದರೂ ಭೇದಿ ನಿಲ್ಲದು.

ಬೆಳಿಗ್ಗೆ ಆಗ ತಾನೇ ಮಾಡಿದ ಮಲದಲ್ಲಿ ಒಂದು ನೆಲ್ಲಿಕಾಯಿಯಷ್ಟು ತೆಗೆದುಕೊಳ್ಳಿ. ಮಣ್ಣು, ಹುಲ್ಲು ಅಂಟದ ಮೇಲ್ಭಾಗದಿಂದ ತೆಗೆಯಿರಿ. ಡಬ್ಬಿಯ ಮೇಲೆ ದಿನ, ಹೊತ್ತು ಬರೆಯಿರಿ. ಒಂದೆರಡು ಗಂಟೆಯೊಳಗೆ ಕೊಡಿ. ಆಗದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರಿಡ್ಜಿನ ಕೆಳಗಿನ ಅರೆಯಲ್ಲಿಡಿ, ಫ್ರೀಜರಿನಲ್ಲಿ ಬೇಡ. (ಮನೆಯಲ್ಲಿ ಹೇಳಿಯೇ ಇಡಿ. ನಾನು ಹೇಳದೆ ಇಟ್ಟು ಒಂದು ದಿನ ಊಟ ತಪ್ಪಿಸಿಕೊಂಡಿದ್ದೇನೆ.) ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯೊಳಗೆ ಅರ್ಧ ದಿನ ಬಿಟ್ಟರೆ ಕೊಕ್ಕೆಹುಳದ ಮೊಟ್ಟೆ ಒಡೆದು ಮರಿಹುಳ ಆಗಿಬಿಡುತ್ತದೆ, ಪರೀಕ್ಷೆ ಸರಿಯಾಗುವುದಿಲ್ಲ.

ವರದಿಯಲ್ಲಿ "ಏನೂ ಇಲ್ಲ" ಎಂದು ಬಂದರೂ ಪೂರ್ತಿ ನಂಬಬೇಡಿ. ಹುಳ ಇದ್ದೂ ಇನ್ನೂ ಮೊಟ್ಟೆ ಇಡದ ಹಂತ ಇರುತ್ತದೆ. ಲಾಡಿಹುಳದ ಮೊಟ್ಟೆ ಎಷ್ಟೋ ಸಲ ಸೂಕ್ಷ್ಮದರ್ಶಕಕ್ಕೂ ಸಿಗುವುದಿಲ್ಲ. ಅಕ್ಕಿಕಾಳು ಕಂಡಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ. ಗಿಯಾರ್ಡಿಯಾ ಅನುಮಾನ ಇದ್ದರೆ ಮೂರು ದಿನದ ಮಲ ಕೇಳಬಹುದು, ಅದು ದಿನಾ ಹೊರಬರುವುದಿಲ್ಲ.

ಹಂತ 3: ತೂಕ ಹಾಕಿ, ಅಂದಾಜು ಬೇಡ

ನನ್ನ ದೊಡ್ಡ ತಪ್ಪು ಇಲ್ಲೇ. ನಮ್ಮ ಕರಿಯ ನೋಡಲು ಸಣಕಲು. "ಹತ್ತು ಕೆಜಿ ಇರಬಹುದು" ಎಂದುಕೊಂಡು ಎರಡು ವರ್ಷ ಒಂದೊಂದೇ ಮಾತ್ರೆ ಹಾಕಿದೆ. ತೂಕ ಹಾಕಿಸಿದಾಗ ಹದಿನೈದು ಇದ್ದ. ಎರಡು ವರ್ಷ ಪೂರ್ತಿ ಡೋಸ್ ಹೋಗಿರಲೇ ಇಲ್ಲ. ಕಡಿಮೆ ಡೋಸಿಗೆ ಕೆಲವು ಹುಳ ಸಾಯುತ್ತವೆ, ಗಟ್ಟಿ ಇರುವವು ಉಳಿದುಕೊಳ್ಳುತ್ತವೆ.

ಮಾಡುವುದು ಸುಲಭ. ನಾಯಿಯನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ಮರಿಯಾದರೆ ಬುಟ್ಟಿಯಲ್ಲಿ ಕೂರಿಸಿ ಅಂಗಡಿಯ ತಕ್ಕಡಿಯಲ್ಲಿ ಹಾಕಿಸಿ. ಮರಿಯ ತೂಕ ವಾರ ವಾರಕ್ಕೂ ಏರುತ್ತದೆ, ಪ್ರತಿ ಡೋಸಿಗೂ ಹೊಸದಾಗಿ ತೂಗಬೇಕು. ಎತ್ತಲಾಗದ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಇದ್ದರೆ ಕ್ಲಿನಿಕ್ಕಿನ ನೆಲದ ತೂಕದ ಹಲಗೆಯೇ ಗತಿ.

ಹಂತ 4: ಔಷಧಿ ಮತ್ತು ಡೋಸ್

ಅಂಗಡಿಯಲ್ಲಿ ಹೆಚ್ಚು ಸಿಗುವ ನಾಯಿಯ ಮಾತ್ರೆಯಲ್ಲಿ ಮೂರು ಔಷಧಿ ಸೇರಿರುತ್ತವೆ: ಪ್ರಾಜಿಕ್ವಾಂಟೆಲ್ 50 ಮಿ.ಗ್ರಾಂ, ಪೈರಾಂಟೆಲ್ 144 ಮಿ.ಗ್ರಾಂ, ಫೆಬಾಂಟೆಲ್ 150 ಮಿ.ಗ್ರಾಂ. ಇದು 10 ಕೆಜಿಗೆ ಒಂದು. ಅಂದರೆ 15 ಕೆಜಿಯ ಕರಿಯನಿಗೆ ಒಂದೂವರೆ, 25 ಕೆಜಿಯ ಲ್ಯಾಬ್ರಡಾರ್‌ಗೆ ಎರಡೂವರೆ. ಪ್ರಾಜಿಕ್ವಾಂಟೆಲ್ ಲಾಡಿಹುಳಕ್ಕೆ, ಪೈರಾಂಟೆಲ್ ದುಂಡುಹುಳ ಮತ್ತು ಕೊಕ್ಕೆಹುಳಕ್ಕೆ. ಫೆಬಾಂಟೆಲ್ ಇವೆರಡರ ಜೊತೆ ಚಾಟಿಹುಳವನ್ನೂ ಹಿಡಿಯುತ್ತದೆ.

ಫೆನ್‌ಬೆಂಡಜೋಲ್ ಕೊಡುವ ಲೆಕ್ಕ ಬೇರೆ. ಕೆಜಿಗೆ 50 ಮಿ.ಗ್ರಾಂ, ದಿನಕ್ಕೊಮ್ಮೆ, ಮೂರು ದಿನ ಬಿಡದೆ. 12 ಕೆಜಿ ನಾಯಿಗೆ ದಿನಕ್ಕೆ 600 ಮಿ.ಗ್ರಾಂ. ಒಂದೇ ದಿನ ಕೊಟ್ಟು "ಆಯ್ತು" ಎಂದರೆ ಆಗಲಿಲ್ಲ. ನಾಯಿಗೆ ಸಾಮಾನ್ಯವಾಗಿ ಬರುವ, ಚಿಗಟದಿಂದ ಹರಡುವ ಲಾಡಿಹುಳಕ್ಕೆ ಇದು ಕೆಲಸ ಮಾಡುವುದಿಲ್ಲ, ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕೇ ಬೇಕು. ಚಿಕ್ಕ ಮರಿಗಳಿಗೆ ಪೈರಾಂಟೆಲ್ ಸಿರಪ್ ಕೊಡುತ್ತಾರೆ. ಒಂದೊಂದು ಕಂಪನಿಯ ಸಿರಪ್ಪಿನ ಗಾಢತೆ ಒಂದೊಂದು ಥರ. ಹಳೆ ಬಾಟಲಿಯ ಎಂಎಲ್ ಲೆಕ್ಕ ಹೊಸ ಬಾಟಲಿಗೆ ಹಾಕಬೇಡಿ, ಲೇಬಲ್ ಓದಿ. ಪಿಪರಜಿನ್ ಇರುವ ಸಿರಪ್ಪನ್ನು ಪೈರಾಂಟೆಲ್ ಜೊತೆ ಕೊಡಬಾರದು, ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ.

ಕೊಡಬಾರದ್ದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ಹಸುವಿಗೆ ತಂದ ಐವರ್‌ಮೆಕ್ಟಿನ್ ಬಾಟಲಿ ಕೊಟ್ಟಿಗೆಯ ಗೂಡಿನಲ್ಲಿ ಇರುತ್ತದೆ. "ಸ್ವಲ್ಪ ನಾಯಿಗೂ ಹಾಕೋಣ" ಎನ್ನುತ್ತಾರೆ. ಹಸುವಿನ ಇಂಜೆಕ್ಷನ್ನಿನ ಒಂದು ಎಂಎಲ್‌ನಲ್ಲಿ 10 ಮಿ.ಗ್ರಾಂ ಇರುತ್ತದೆ. ನಾಯಿಗೆ ಡೋಸ್ ತಪ್ಪಿದರೆ ಕುರುಡಾಗುವುದು, ತೂರಾಡುವುದು, ಕೋಮಾಕ್ಕೆ ಹೋಗುವುದು ಎಲ್ಲ ಉಂಟು. ಕೋಲಿ ಜಾತಿಯ ನಾಯಿಗಳಿಗಂತೂ ಸ್ವಲ್ಪ ಹೋದರೂ ವಿಷ. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನೂ ಹಾಕಬೇಡಿ. ನಾಯಿಗಳಲ್ಲಿ ಅದು ಮೂಳೆಯೊಳಗೆ ರಕ್ತ ತಯಾರಾಗುವುದನ್ನೇ ತಡೆಯಬಹುದು.

ಬೆಳ್ಳುಳ್ಳಿ ಅರೆದು ಹಾಕುವವರೂ ಇದ್ದಾರೆ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಕೊಕ್ಕೆಹುಳದಿಂದ ಮೊದಲೇ ರಕ್ತ ಕಡಿಮೆಯಾದ ನಾಯಿಗೆ ಇದು ಗಾಯದ ಮೇಲೆ ಬರೆ. ಹೊಗೆಸೊಪ್ಪು, ಸೀಮೆಎಣ್ಣೆಯ ಮಾತಂತೂ ಎತ್ತಲೇಬೇಡಿ.

ಗಬ್ಬದ ನಾಯಿ, ಹಾಲೂಡುವ ನಾಯಿ, ಮೂರ್ಛೆರೋಗ ಇರುವ ನಾಯಿಗೆ ಡಾಕ್ಟರನ್ನು ಕೇಳದೆ ಒಂದು ಹನಿಯೂ ಬೇಡ.

ಹಂತ 5: ನುಂಗಿಸುವುದು

ರಾತ್ರಿಯಿಡೀ ಉಪವಾಸ ಕೆಡವಿ, ಮಾತ್ರೆ ಹಾಕಿ, ಆಮೇಲೆ ಹರಳೆಣ್ಣೆ ಕುಡಿಸುವುದು ಹಳೆಯ ಔಷಧಿಗಳ ಕಾಲದ ಪದ್ಧತಿ. ಮೇಲೆ ಹೇಳಿದ ಮಾತ್ರೆಗಳಿಗೆ ಅದು ಬೇಡ. ಫೆನ್‌ಬೆಂಡಜೋಲ್ ಊಟದ ಜೊತೆಗೇ ಕೊಡಬೇಕು.

ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ, ರಾಗಿ ಮುದ್ದೆ. ಮುದ್ದೆ ಅಗಿಯುವುದಿಲ್ಲ, ನುಂಗುವುದು. ಈ ವಿಷಯದಲ್ಲಿ ಮಂಡ್ಯದ ನಾಯಿಗೂ ಮಂಡ್ಯದ ಮನುಷ್ಯನಿಗೂ ವ್ಯತ್ಯಾಸವಿಲ್ಲ. ಗೋಲಿ ಗಾತ್ರದ ಮೂರು ತುತ್ತು ಮಾಡಿ, ಆರಲು ಬಿಡಿ. ಮೊದಲನೆಯದು ಖಾಲಿ, ಎರಡನೆಯದರೊಳಗೆ ಮಾತ್ರೆ. ಅದನ್ನು ಬಾಯಿಗೆ ಹಾಕಿದ ಕೂಡಲೇ ಮೂರನೆಯದನ್ನು ಮೂಗಿನ ಮುಂದೆ ಹಿಡಿಯಿರಿ. ಅದರ ಆಸೆಗೆ ಎರಡನೆಯದು ಗುಳುಂ ಆಗುತ್ತದೆ.

ಸಿರಪ್ ಆದರೆ ಸಿರಿಂಜನ್ನು ಕೆನ್ನೆಯ ಪಕ್ಕದಿಂದ ತೂರಿಸಿ, ಸ್ವಲ್ಪ ಸ್ವಲ್ಪವೇ ಬಿಡಿ. ತಲೆ ಮೇಲಕ್ಕೆತ್ತಿ ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಕೊಟ್ಟ ಸ್ವಲ್ಪ ಹೊತ್ತಿಗೆ ವಾಂತಿ ಮಾಡಿದರೆ ಸುಮ್ನೆ ಇನ್ನೊಂದು ಡೋಸ್ ಹಾಕಬೇಡಿ. ಎಷ್ಟು ಹೊತ್ತಿಗೆ ಆಯಿತು ಎಂದು ನೋಡಿಕೊಂಡು ಡಾಕ್ಟರಿಗೆ ಫೋನ್ ಮಾಡಿ.

ಹಂತ 6: ಮೊದಲ ಮೂರು ದಿನ

ಸತ್ತ ದುಂಡುಹುಳ ಹೊರಬರಬಹುದು, ಒಂದೆರಡು ಸಲ ತೆಳುವಾದ ಭೇದಿ ಆಗಬಹುದು. ಹುಳ ಕಾಣಲಿಲ್ಲ ಎಂದರೆ ಔಷಧಿ ಕೆಲಸ ಮಾಡಲಿಲ್ಲ ಎಂದಲ್ಲ. ಲಾಡಿಹುಳ ಕರುಳಿನಲ್ಲೇ ಜೀರ್ಣವಾಗಿ ಹೋಗುತ್ತದೆ. ಮತ್ತೆ ಮತ್ತೆ ವಾಂತಿ, ನಡುಕ, ತೂರಾಟ, ಮುಖ ಊದುವುದು ಕಂಡರೆ ಕಾಯಬೇಡಿ, ಮಾತ್ರೆಯ ಖಾಲಿ ಪಟ್ಟಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.

ಹಂತ 7: ಅಂಗಳ, ಚಿಗಟ, ಭಾನುವಾರದ ಬೋಟಿ

ಔಷಧಿ ಹಾಕಿದ ದಿನವೇ ಈ ಕೆಲಸವೂ ಶುರುವಾಗಬೇಕು. ನಾಯಿಯ ಹೊಟ್ಟೆ ಖಾಲಿಯಾಗಿ ಅಂಗಳದಲ್ಲಿ ಹುಳ ತುಂಬಿದ್ದರೆ ಏನು ಬಂತು?

ಮಲವನ್ನು ದಿನಾ ಎತ್ತಿ. ದುಂಡುಹುಳದ ಮೊಟ್ಟೆ ರೋಗ ಹರಡುವ ಹಂತಕ್ಕೆ ಬರಲು ಎರಡು ವಾರವಾದರೂ ಬೇಕು. ಅಷ್ಟರೊಳಗೆ ಎತ್ತಿದರೆ ನೀವು ಗೆದ್ದಿರಿ. ಬಿಟ್ಟರೆ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಫಿನಾಯಿಲ್, ಬ್ಲೀಚಿಂಗ್ ಪೌಡರ್ ಯಾವುದಕ್ಕೂ ಸಾಯುವುದಿಲ್ಲ. ಕೊಕ್ಕೆಹುಳಕ್ಕೆ ಇಷ್ಟು ಪುರುಸೊತ್ತೂ ಬೇಡ. ಮಳೆಗಾಲದ ಬೆಚ್ಚನೆಯ ಒದ್ದೆ ಮಣ್ಣಿನಲ್ಲಿ ಒಂದು ವಾರದೊಳಗೇ ಮರಿಹುಳ ತಯಾರಾಗುತ್ತದೆ, ಬಾಯಿಂದ ಮಾತ್ರವಲ್ಲ, ಚರ್ಮ ಕೊರೆದೂ ಒಳಗೆ ಹೋಗುತ್ತದೆ. ಆದರೆ ಬಿಸಿಲಿಗೆ, ಒಣ ನೆಲಕ್ಕೆ ಸಾಯುತ್ತದೆ.

ಹಾಗಾಗಿ ನಿಮ್ಮ ಅಂಗಳದಲ್ಲಿ ಯಾವ ಜಾಗ ಯಾವಾಗಲೂ ಒದ್ದೆ ಎಂದು ನೋಡಿ. ನಮ್ಮಲ್ಲಿ ಅದು ಪಾತ್ರೆ ತೊಳೆಯುವ ನಲ್ಲಿಯ ಕೆಳಗಿನ ಬಾಳೆ ಪಾತಿ. ತಂಪು ಎಂದು ಕರಿಯ ಅಲ್ಲೇ ಹೊಟ್ಟೆ ಹಚ್ಚಿ ಮಲಗುತ್ತಿದ್ದ. ಪಾತಿಗೆ ಬೇಲಿ ಹಾಕಿ, ಅವನಿಗೆ ಒಂದು ಹಳೆಯ ಹಲಗೆ ಎತ್ತರಕ್ಕಿಟ್ಟು ಕೊಟ್ಟೆ. ಹಲಗೆಗೆ ಒಗ್ಗಲು ಹದಿನೈದು ದಿನ ಮುನಿಸಿಕೊಂಡಿದ್ದ. ಸಿಮೆಂಟ್ ನೆಲವಾದರೆ ಮಲ ಎತ್ತಿ, ಉಜ್ಜಿ ತೊಳೆದು, ಕುದಿಯುವ ನೀರು ಸುರಿದು, ಬಿಸಿಲಿಗೆ ಒಣಗಲು ಬಿಡಿ. ನಾಯಿಯ ಮಲವನ್ನು ತಿಪ್ಪೆಗೆ, ಸೊಪ್ಪಿನ ಮಡಿಗೆ ಹಾಕಬೇಡಿ.

ಮನೆಯ ಮಕ್ಕಳು ಅಂಗಳದಲ್ಲಿ ಬರಿಗಾಲಲ್ಲಿ ಆಡದಿರಲಿ. ಪಾದದಲ್ಲಿ ಹಾವಿನ ಹಾದಿಯಂತೆ ಕೆಂಪು ಗೆರೆ ಎದ್ದು ತುರಿಸಿದರೆ ಅದು ಕೊಕ್ಕೆಹುಳದ ಮರಿ ಚರ್ಮದೊಳಗೆ ಓಡಾಡುತ್ತಿರುವುದು. ದುಂಡುಹುಳದ ಮೊಟ್ಟೆ ಮಗುವಿನ ಹೊಟ್ಟೆಗೆ ಹೋದರೆ ಮರಿಹುಳ ಕಣ್ಣಿನವರೆಗೂ ಹೋಗಬಹುದು. ಮಣ್ಣಾಡಿದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಉಗುರು ಕತ್ತರಿಸಿ.

ಇನ್ನು ಚಿಗಟ. ಲಾಡಿಹುಳ ಬರುವ ಮುಖ್ಯ ದಾರಿ ಇದೇ. ನಾಯಿ ಮೈ ಕಚ್ಚಿಕೊಳ್ಳುವಾಗ ಚಿಗಟ ನುಂಗುತ್ತದೆ, ಅದರೊಳಗೆ ಲಾಡಿಹುಳದ ಮರಿ ಇರುತ್ತದೆ. ಮಾತ್ರೆ ಹಾಕಿದ ಮೂರೇ ವಾರಕ್ಕೆ ಅಕ್ಕಿಕಾಳು ಮತ್ತೆ ಕಂಡಿತೇ? ಮಾತ್ರೆಯನ್ನು ಬೈಯಬೇಡಿ, ಚಿಗಟ ಹುಡುಕಿ. ಬಿಳಿ ಬಟ್ಟೆಯ ಮೇಲೆ ನಾಯಿಯನ್ನು ಬಾಚಿ, ಉದುರಿದ ಕಪ್ಪು ಪುಡಿಗೆ ಒಂದು ಹನಿ ನೀರು ಹಾಕಿ. ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ. ನಾಯಿಯ ಮೈಗೆ ಡಾಕ್ಟರ್ ಹೇಳಿದ ಔಷಧಿ ಹಾಕಿದರೆ ಅರ್ಧ ಕೆಲಸ. ಮೊಟ್ಟೆ, ಮರಿಗಳೆಲ್ಲ ಇರುವುದು ಹಾಸಿಗೆ, ಗೋಣಿಚೀಲ, ಸೋಫಾ ಸಂದಿಯಲ್ಲಿ. ಅದನ್ನೆಲ್ಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೂ ಚಿಕಿತ್ಸೆ ಬೇಕು, ಆದರೆ ನಾಯಿಯ ಚಿಗಟದ ಔಷಧಿ ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ಸತ್ತೇ ಹೋಗಬಹುದು.

ಕೊನೆಯದು, ಭಾನುವಾರದ ಬಾಡೂಟ. ಕುರಿ ಕೊಯ್ದ ಮನೆಯಲ್ಲಿ ಹಸಿ ಬೋಟಿ, ಈಲಿ, ಶ್ವಾಸಕೋಶದ ಚೂರು ನಾಯಿಗೆ ಎಸೆಯುವುದು ನಮ್ಮ ಕಡೆ ಮಾಮೂಲು. ಕುರಿಯ ಈಲಿಯಲ್ಲಿ, ಶ್ವಾಸಕೋಶದಲ್ಲಿ ಒಮ್ಮೊಮ್ಮೆ ನೀರು ತುಂಬಿದ ಗುಳ್ಳೆ ಇರುತ್ತವೆ. ಅದರೊಳಗೆ ಇರುವುದು ಒಂದು ಬಗೆಯ ಲಾಡಿಹುಳದ ಮರಿ. ನಾಯಿಗೆ ಹೋದರೆ ಅಲ್ಲಿ ಬೆಳೆಯುತ್ತದೆ, ನಾಯಿಯ ಮಲದಿಂದ ಮೊಟ್ಟೆ ಮನುಷ್ಯನಿಗೆ ಬಂದರೆ ನಮ್ಮ ಈಲಿಯಲ್ಲೂ ಅಂಥದೇ ಗುಳ್ಳೆ ಬೆಳೆಯುತ್ತದೆ. ಗುಳ್ಳೆ ಕಂಡ ಭಾಗವನ್ನು ಸುಟ್ಟುಬಿಡಿ, ಇಲ್ಲವೇ ನಾಯಿ ಕೆದಕದಷ್ಟು ಆಳಕ್ಕೆ ಹೂಳಿ. ಉಳಿದದ್ದನ್ನು ಚೆನ್ನಾಗಿ ಬೇಯಿಸಿ ಹಾಕಿ.

ಹಂತ 8: ಎರಡನೇ ಡೋಸ್

ಮಾತ್ರೆ ಕೊಲ್ಲುವುದು ಮುಖ್ಯವಾಗಿ ಕರುಳಿನಲ್ಲಿರುವ ಹುಳವನ್ನು. ಆ ದಿನ ಶ್ವಾಸಕೋಶದಲ್ಲೋ ಮಾಂಸಖಂಡದಲ್ಲೋ ಓಡಾಡುತ್ತಿರುವ ಮರಿಹುಳಗಳು ಬಚಾವಾಗುತ್ತವೆ. ಅವು ಆಮೇಲೆ ಕರುಳಿಗೆ ಇಳಿಯುತ್ತವೆ. ಅವು ದೊಡ್ಡವಾಗಿ ಮೊಟ್ಟೆ ಇಡುವ ಮೊದಲೇ ಹಿಡಿಯಬೇಕು. ಅದಕ್ಕೇ ದುಂಡುಹುಳ, ಕೊಕ್ಕೆಹುಳಕ್ಕೆ 2 ರಿಂದ 3 ವಾರದೊಳಗೆ ಎರಡನೇ ಡೋಸ್. ನಾಯಿ ಚುರುಕಾಗಿದೆ, ಹುಳ ಕಾಣುತ್ತಿಲ್ಲ ಎಂದು ಬಿಟ್ಟವರೇ ಮುಂದಿನ ತಿಂಗಳು "ಡೂಪ್ಲಿಕೇಟ್" ಎನ್ನುವುದು. ಚಾಟಿಹುಳ ಬೆಳೆಯಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ, ಅದರ ಚಿಕಿತ್ಸೆಯೂ ಅಷ್ಟೇ ಉದ್ದ.

ಮನೆಯಲ್ಲಿ ಎರಡು ಮೂರು ನಾಯಿ ಇದ್ದರೆ ಎಲ್ಲಕ್ಕೂ ಒಂದೇ ದಿನ ಕೊಡಿ.

ಹಂತ 9: ಮರುಪರೀಕ್ಷೆ, ಮುಂದಿನ ತಾರೀಖು

ಕೊನೆಯ ಡೋಸ್ ಆಗಿ 2 ರಿಂದ 4 ವಾರಕ್ಕೆ ಇನ್ನೊಮ್ಮೆ ಮಲ ಪರೀಕ್ಷೆ ಮಾಡಿಸಿ. ಸರಿಯಾದ ತೂಕಕ್ಕೆ ಎರಡು ಡೋಸ್ ಕೊಟ್ಟ ಮೇಲೂ ಕೊಕ್ಕೆಹುಳದ ಮೊಟ್ಟೆ ಕಂಡರೆ ಅದೇ ಮಾತ್ರೆ ಮೂರನೇ ಸಲ ನುಂಗಿಸಬೇಡಿ. ಔಷಧಿಗೆ ಬಗ್ಗದ ಹುಳ ಇರಬಹುದು, ಡಾಕ್ಟರ್ ಬೇರೆ ಔಷಧಿ ಬರೆಯುತ್ತಾರೆ.

ಮರಿಗಳಿಗೆ 2, 4, 6, 8ನೇ ವಾರ, ಆಮೇಲೆ ಆರು ತಿಂಗಳ ತನಕ ತಿಂಗಳಿಗೊಮ್ಮೆ. ಎರಡೇ ವಾರಕ್ಕೆ ಶುರು ಮಾಡುವುದು ಯಾಕೆಂದರೆ, ಕೊಕ್ಕೆಹುಳ ತಾಯಿಯ ಹಾಲಿನಿಂದಲೂ ಬರುತ್ತದೆ. ಪರೀಕ್ಷೆಯಲ್ಲಿ ಮೊಟ್ಟೆ ಕಾಣುವ ಮೊದಲೇ ಮರಿ ಸಾಯಬಹುದು. ಮರಿಗಳಿಗೆ ಕೊಡುವಾಗ ಡಾಕ್ಟರನ್ನು ಕೇಳಿ ತಾಯಿಗೂ ಕೊಡಿಸಿ. ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ. ಗದ್ದೆ ಬದುವಿನಲ್ಲಿ ಇಲಿ ಹಿಡಿದು ತಿನ್ನುವ, ಬೀದಿ ನಾಯಿಗಳ ಜೊತೆ ಸುತ್ತುವ ನಾಯಿಗೆ ಇನ್ನೂ ಬೇಗ ಬೇಕಾಗಬಹುದು, ಕೇಳಿ.

ಕ್ಯಾಲೆಂಡರಿನಲ್ಲಿ ನಾನು ಬರೆಯುವುದು ಇಷ್ಟು: ತಾರೀಖು, ತೂಕ, ಔಷಧಿಯ ಹೆಸರು, ಎಷ್ಟು ಕೊಟ್ಟೆ, ಮುಂದಿನ ದಿನ. ವರ್ಷ ಮುಗಿದ ಮೇಲೆ ಆ ಹಾಳೆಗಳನ್ನು ಎಸೆಯುವುದಿಲ್ಲ. ಹೊಸ ಡಾಕ್ಟರ ಹತ್ತಿರ ಹೋದರೆ ಅದನ್ನೇ ಮಡಚಿಕೊಂಡು ಹೋಗುತ್ತೇನೆ.